ಸೋಹೋದ ಒಳಬೀದಿಗಳಲ್ಲಿ ಕಾಫಿ: ಅಕ್ಕನಿಗೆ ಒಂದು ಪತ್ರ

ಲಂಡನ್
ಭಾನುವಾರ

ಪ್ರೀತಿಯ ಅಕ್ಕನಿಗೆ,

ಇಲ್ಲಿ ನಾನು ಕ್ಷೇಮ. ಅಮ್ಮನಿಗೂ ಭಾವನಿಗೂ ನಮಸ್ಕಾರ ತಿಳಿಸು. ಪುಟ್ಟನಿಗೆ ಮುತ್ತು.

ನೀವೆಲ್ಲ ಇಲ್ಲಿಗೆ ಬಂದಾಗ ನೋಡಬೇಕಾದ ಮ್ಯೂಸಿಯಂ, ಅರಮನೆ, ನದಿ ಇವನ್ನೆಲ್ಲ ಭಾವ ಆಗಲೇ ಓದಿ ಗುರುತು ಹಾಕಿ ಇಟ್ಟಿರುತ್ತಾರೆ. ಅದನ್ನು ಅವರಿಗೇ ಬಿಡುತ್ತೇನೆ. ನೀನು ಫೋನಿನಲ್ಲಿ ಕೇಳಿದ್ದು ಬೇರೆ. ಊರು ಸುತ್ತಿ ಕಾಲು ಸೋತಾಗ ಎಲ್ಲಿ ಕೂರುವುದು, ಒಳ್ಳೆಯ ಕಾಫಿ ಎಲ್ಲಿ ಸಿಗುತ್ತದೆ ಅಂತ. ನನಗೆ ಬಹಳ ಇಷ್ಟದ ವಿಷಯ ಅದು. ಫೋನಿನಲ್ಲಿ ಹೇಳಿ ಮುಗಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾವು ಹೆಚ್ಚು ಓಡಾಡುವುದು ಸೋಹೋ ಕಡೆ. ಉತ್ತರಕ್ಕೆ ಆಕ್ಸ್‌ಫರ್ಡ್ ಸ್ಟ್ರೀಟ್, ಪಶ್ಚಿಮಕ್ಕೆ ರೀಜೆಂಟ್ ಸ್ಟ್ರೀಟ್, ಪೂರ್ವಕ್ಕೆ ಚೇರಿಂಗ್ ಕ್ರಾಸ್ ರೋಡ್. ಈ ದೊಡ್ಡ ರಸ್ತೆಗಳಲ್ಲಿ ಜನವೋ ಜನ. ಅಲ್ಲಿ ಹೆಜ್ಜೆಗೊಂದು ಕಾಫಿ ಅಂಗಡಿ ಕಾಣುತ್ತದೆ, ಆದರೆ ಬಹಳಷ್ಟು ದೊಡ್ಡ ಕಂಪನಿಗಳವು. ಅಷ್ಟು ಬಾಡಿಗೆ ಕೊಡುವ ಶಕ್ತಿ ಅವರಿಗೇ ಇರುವುದು. ಒಬ್ಬರೋ ಇಬ್ಬರೋ ಸೇರಿ ನಡೆಸುವ ಸ್ವಂತ ಕೆಫೆ ಬೇಕು ಅಂದರೆ ಒಳಗಿನ ಬೀದಿಗೆ ತಿರುಗಬೇಕು. ಎಲಿಜಬೆತ್ ಲೈನ್ ರೈಲಿನಲ್ಲಿ ಬಂದು ಟಾಟನ್‌ಹ್ಯಾಮ್ ಕೋರ್ಟ್ ರೋಡ್ ಸ್ಟೇಷನ್ನಿನಲ್ಲಿ ಇಳಿಯಿರಿ. ಡೀನ್ ಸ್ಟ್ರೀಟ್ ಕಡೆಯ ಬಾಗಿಲಿನಿಂದ ಹೊರಗೆ ಬನ್ನಿ. ಆಕ್ಸ್‌ಫರ್ಡ್ ಸ್ಟ್ರೀಟಿಗೆ ಬೆನ್ನು ಹಾಕಿ ನಡೆದರೆ ಸೋಹೋ ಒಳಗೇ ಇರುತ್ತೀರಿ. ಡೀನ್, ಫ್ರಿತ್, ಗ್ರೀಕ್ ಅಂತ ಮೂರು ಬೀದಿ ಅಕ್ಕಪಕ್ಕ ಇವೆ. ಕೆಳಗೆ ಓಲ್ಡ್ ಕಾಂಪ್ಟನ್ ಸ್ಟ್ರೀಟ್ ಅವನ್ನು ಅಡ್ಡ ಹಾಯುತ್ತದೆ. ಈ ಚೌಕ ಗೊತ್ತಾದರೆ ದಾರಿ ತಪ್ಪುವುದಿಲ್ಲ.

ಮೊದಲು ಫ್ರಿತ್ ಸ್ಟ್ರೀಟಿಗೆ ಹೋಗೋಣ. ಇಲ್ಲಿ 22ನೇ ನಂಬರಿನಲ್ಲಿ ಬಾರ್ ಇಟಾಲಿಯಾ ಇದೆ. ಹೆಸರು ಕೇಳಿ ಅಮ್ಮ ಗಾಬರಿಯಾಗುವುದು ಬೇಡ. ಇಟಲಿಯವರು ಕಾಫಿ ಅಂಗಡಿಗೂ ಬಾರ್ ಅಂತಲೇ ಹೇಳುತ್ತಾರೆ. 1949ರಲ್ಲಿ ಇಟಲಿ ಮೂಲದ ಪೊಲೆಡ್ರಿ ಕುಟುಂಬ ಶುರು ಮಾಡಿದ್ದು. ಒಳಗೆ ಉದ್ದಕ್ಕೆ ಕೌಂಟರ್, ಗೋಡೆಗೆ ಬಾಕ್ಸರ್ ರಾಕಿ ಮಾರ್ಸಿಯಾನೋನ ದೊಡ್ಡ ಚಿತ್ರ. ತಡರಾತ್ರಿವರೆಗೂ ಜನ ಇರುತ್ತಾರೆ. ಭಾವನಿಗೆ ಕಟ್ಟಡದ ಮೇಲಿರುವ ನೀಲಿ ಫಲಕ ತೋರಿಸಬೇಕು. ಜಾನ್ ಲೋಗಿ ಬೇರ್ಡ್ 1926ರ ಜನವರಿಯಲ್ಲಿ ಟೆಲಿವಿಷನ್ ಅಂದರೆ ಏನು ಅಂತ ವಿಜ್ಞಾನಿಗಳಿಗೆ ಮಾಡಿ ತೋರಿಸಿದ್ದು ಇದೇ ಕಟ್ಟಡದ ಮಹಡಿಯಲ್ಲಿ. ಪಕ್ಕದ 20ನೇ ನಂಬರಿನಲ್ಲಿ 1764–65ರ ಹೊತ್ತಿಗೆ ಸಂಗೀತಗಾರ ಮೊಜಾರ್ಟ್ ಇದ್ದ. ಆಗ ಅವನು ಎಂಟು ವರ್ಷದ ಹುಡುಗ, ಹೆಚ್ಚು ಕಡಿಮೆ ನಮ್ಮ ಪುಟ್ಟನ ವಯಸ್ಸು.

ಅದೇ ಬೀದಿಯ 29ನೇ ನಂಬರಿನಲ್ಲಿ 1953ರಲ್ಲಿ ಮೋಕಾ ಬಾರ್ ತೆರೆಯಿತು. ಉದ್ಘಾಟಿಸಿದ್ದು ಇಟಲಿಯ ನಟಿ ಜೀನಾ ಲೊಲೊಬ್ರಿಜಿಡಾ. ಗಾಜಿಯಾ ಅನ್ನುವ ಮೆಷಿನ್ ಆಗ ಇಲ್ಲಿಗೆ ಹೊಸದು. ಹಿಡಿ ಎಳೆದರೆ ಒಳಗಿನ ಸ್ಪ್ರಿಂಗ್ ಬಿಸಿನೀರನ್ನು ಕಾಫಿ ಪುಡಿಯ ಮೂಲಕ ಜೋರಾಗಿ ತಳ್ಳುತ್ತದೆ. ಕಾಫಿಯ ಮೇಲೆ ಹೊಂಬಣ್ಣದ ನೊರೆ ಕಟ್ಟುವುದು ಆ ಒತ್ತಡದಿಂದಲೇ. ಮದ್ಯ ಕೊಳ್ಳುವ ವಯಸ್ಸಾಗದ ಹುಡುಗ ಹುಡುಗಿಯರಿಗೆ ಸಂಜೆ ಕೂತು ಹರಟಲು ಇಂಥ ಅಂಗಡಿಗಳು ಜಾಗ ಕೊಟ್ಟವು. ಆ ಮೋಕಾ ಬಾರ್ ಈಗಿಲ್ಲ. ಬಾರ್ ಇಟಾಲಿಯಾ ಉಳಿದಿದೆ ಅನ್ನುವುದು ನನಗೆ ತುಂಬಾ ದೊಡ್ಡ ವಿಷಯ.

ಗ್ರೀಕ್ ಸ್ಟ್ರೀಟಿನಲ್ಲಿ ಮೇಸೋಂ ಬೆರ್ತೋ ಅಂತ ಫ್ರೆಂಚ್ ಕೇಕಿನ ಅಂಗಡಿ ಇದೆ. 1871ರಿಂದ ಇದೆ. ಪುಟ್ಟದು, ಇಕ್ಕಟ್ಟು, ಕಿಟಕಿ ತುಂಬ ಕೇಕು. ಕೂರಲು ಜಾಗ ಸಿಕ್ಕರೆ ಎದ್ದು ಬರಲು ಮನಸ್ಸಾಗುವುದಿಲ್ಲ. ಆದರೆ ಅಮ್ಮ ಮೊಟ್ಟೆ ತಿನ್ನುವುದಿಲ್ಲವಲ್ಲ, ಅದಕ್ಕೆ ಒಂದು ಮಾತು ನೆನಪಿಡು. ಅಲರ್ಜಿ ತರುವ 14 ಪದಾರ್ಥಗಳು ಯಾವ ತಿಂಡಿಯಲ್ಲಿವೆ ಅಂತ ಇಲ್ಲಿನ ಅಂಗಡಿಯವರು ತಿಳಿಸಲೇಬೇಕು, ಅದು ಕಾನೂನು. ಆ ಪಟ್ಟಿಯಲ್ಲಿ ಮೊಟ್ಟೆ ಇದೆ. ಹಾಗಾಗಿ ಧೈರ್ಯವಾಗಿ ಕೇಳಬಹುದು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅಲ್ಲೇ ಮಾಡಿ ಪ್ಯಾಕ್ ಮಾಡಿಟ್ಟ ತಿಂಡಿಯ ಮೇಲೆ 2021ರ ಅಕ್ಟೋಬರಿನಿಂದ ಎಲ್ಲ ಪದಾರ್ಥಗಳನ್ನೂ ಅಚ್ಚು ಹಾಕಬೇಕು. ಜೆಲಟಿನ್ ಮಾತ್ರ ಆ 14ರಲ್ಲಿ ಇಲ್ಲ. ಅದನ್ನು ಪ್ರಾಣಿಗಳಿಂದ ತೆಗೆಯುತ್ತಾರೆ. ಕ್ರೀಮ್ ತುಂಬಿದ ಕೇಕು, ಮೂಸ್ ಅನ್ನುವ ನೊರೆಯಂಥ ಸಿಹಿ ಇಂಥವಕ್ಕೆ ಅದನ್ನು ಬೇರೆಯಾಗಿಯೇ ಕೇಳಬೇಕು.

ಓಲ್ಡ್ ಕಾಂಪ್ಟನ್ ಸ್ಟ್ರೀಟಿನ 52ನೇ ನಂಬರಿನ ಆಲ್ಜೀರಿಯನ್ ಕಾಫಿ ಸ್ಟೋರ್ಸ್ ಕೂರುವ ಜಾಗವಲ್ಲ. 1887ರ ಅಂಗಡಿ. ಕಾಫಿ ಬೀಜ, ಚಹಾ ಮಾರುತ್ತಾರೆ. ಒಳಗೆ ಕಾಲಿಟ್ಟರೆ ಸಾಕು, ವಾಸನೆಗೇ ಆಯಾಸ ಹೋಗುತ್ತದೆ. ಒಂದು ಎಸ್ಪ್ರೆಸೋ, ಅಂದರೆ ಹಾಲಿಲ್ಲದ ಗಟ್ಟಿ ಕಾಫಿ, ಮಾಡಿಸಿಕೊಂಡು ನಿಂತೇ ಕುಡಿದು ಬರಬಹುದು, ಬೆಲೆಯೂ ಸುತ್ತಮುತ್ತಲಿನವರಿಗಿಂತ ಕಡಿಮೆ. ಅಪ್ಪ ಇದ್ದಿದ್ದರೆ ಇಲ್ಲಿಂದ ಹೊರಡಿಸುವುದೇ ಕಷ್ಟವಾಗುತ್ತಿತ್ತು, ಅಲ್ವಾ? ಚೇರಿಂಗ್ ಕ್ರಾಸ್ ರೋಡ್ ದಾಟಿದರೆ ಮನ್‌ಮತ್ ಸ್ಟ್ರೀಟಿನಲ್ಲಿ ಮನ್‌ಮತ್ ಕಾಫಿ. 1978ರಲ್ಲಿ ಅಲ್ಲಿನ ನೆಲಮಾಳಿಗೆಯಲ್ಲೇ ಬೀಜ ಹುರಿದು ಮಾರಲು ಶುರು ಮಾಡಿದವರು.

ಇವೆಲ್ಲ ಹೆಸರು ಮಾಡಿದ ಜಾಗಗಳು. ಹೆಸರು ಗೊತ್ತಿಲ್ಲದ ಕೆಫೆ ಕಂಡರೆ ಒಳ್ಳೆಯದೋ ಅಲ್ಲವೋ ಅಂತ ಹೇಗೆ ತಿಳಿಯುವುದು? ನಾನು ಬಾಗಿಲಲ್ಲೇ ಒಂದು ನಿಮಿಷ ನಿಲ್ಲುತ್ತೇನೆ. ಹಾಲು ಕಾಯಿಸುವ ಕೊಳವೆಯನ್ನು ಪ್ರತಿ ಸಲ ಒರೆಸುತ್ತಾರಾ ನೋಡುತ್ತೇನೆ. ಒಣಗಿದ ಹಾಲು ಅಂಟಿಕೊಂಡಿದ್ದರೆ ಅಲ್ಲಿಂದ ಮುಂದೆ ಹೋಗುತ್ತೇನೆ. ಕೇಳಿದ ಮೇಲೆ ಬೀಜ ಪುಡಿ ಮಾಡುವ ಸದ್ದು ಬರಬೇಕು. ಮೊದಲೇ ಪುಡಿ ಮಾಡಿಟ್ಟದ್ದರ ಪರಿಮಳ ಬೇಗ ಹೋಗಿಬಿಡುತ್ತದೆ. ಮಾರಲು ಇಟ್ಟ ಪೊಟ್ಟಣಗಳ ಮೇಲೆ ಹುರಿದ ದಿನಾಂಕ ಇದ್ದರೆ ಅವರಿಗೆ ಕಾಫಿಯ ಮೇಲೆ ಪ್ರೀತಿ ಇದೆ ಅಂತ ಅರ್ಥ. ತಿಂಡಿಗಳ ಪಟ್ಟಿ ಚಿಕ್ಕದಿರಬೇಕು. ಎಲ್ಲಕ್ಕಿಂತ ಜಾಸ್ತಿ ನಾನು ಗಮನಿಸುವುದು ಕೌಂಟರಿನ ಹಿಂದಿರುವವರನ್ನು. ದಿನಾ ಬರುವವರ ಮುಖ ಕಂಡ ತಕ್ಷಣ ಕಪ್ ಕೈಗೆತ್ತಿಕೊಳ್ಳುವ ಕಡೆ ಕಾಫಿ ಕೆಟ್ಟಿರುವುದು ತೀರಾ ಅಪರೂಪ. ಬಾಗಿಲ ಹತ್ತಿರ ಹಸಿರು ಕಪ್ಪು ಬಣ್ಣದ ಸ್ವಚ್ಛತೆಯ ಸ್ಟಿಕ್ಕರ್ ಇರುತ್ತದೆ, 0ಯಿಂದ 5ರವರೆಗೆ ಅಂಕ, 5 ಅಂದರೆ ಬಹಳ ಒಳ್ಳೆಯದು. ಇಂಗ್ಲೆಂಡಿನಲ್ಲಿ ಅಂಟಿಸಲೇಬೇಕು ಅಂತಿಲ್ಲ. ಅಂಟಿಸಿಕೊಂಡವರ ಮೇಲೆ ನನಗೆ ನಂಬಿಕೆ ಜಾಸ್ತಿ.

ಭಾವನಿಗೆ ಕಾಫಿ ಗಟ್ಟಿಯಾಗಿರಬೇಕು. ಅವರು ಲಾಟೆ ಕೇಳಿದರೆ ಹಾಲೇ ಸಿಗುತ್ತದೆ. ಹಾಲು ಕಡಿಮೆ ಇರುವ ಫ್ಲಾಟ್ ವೈಟ್ ಅನ್ನಲಿ, ಇಲ್ಲದಿದ್ದರೆ ಇನ್ನೂ ಚಿಕ್ಕ ಲೋಟದ ಕೊರ್ಟಾಡೋ. ಫ್ಲಾಟ್ ವೈಟ್ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯದು. ಇಲ್ಲಿ ಅದು ಜನಪ್ರಿಯವಾಗಲು 2005ರಲ್ಲಿ ಸೋಹೋದ ಬರ್ವಿಕ್ ಸ್ಟ್ರೀಟಿನಲ್ಲಿ ಅದೇ ಹೆಸರಿನಲ್ಲಿ ತೆರೆದ ಒಂದು ಕೆಫೆಯ ಪಾಲು ದೊಡ್ಡದು. ಸಕ್ಕರೆ ಹಾಕಿ ಕೊಡುವುದಿಲ್ಲ, ನಾವೇ ಹಾಕಿಕೊಳ್ಳಬೇಕು.

ದುಡ್ಡಿನ ವಿಷಯ. ಬಹಳ ಕಡೆ ಕಾರ್ಡ್ ಮಾತ್ರ, ನೋಟು ತೆಗೆದುಕೊಳ್ಳುವುದಿಲ್ಲ. ಒಂದೇ ಸ್ಯಾಂಡ್‌ವಿಚ್‌ಗೆ ಎರಡು ಬೆಲೆ ಬರೆದಿರುವುದು ನೋಡಿ ಮೋಸ ಅಂದುಕೊಳ್ಳಬೇಡ. ಅಲ್ಲೇ ಕೂತು ತಿಂದರೆ 20% ತೆರಿಗೆ ಬೀಳುತ್ತದೆ, ತಣ್ಣಗಿನ ಸ್ಯಾಂಡ್‌ವಿಚ್ ಕಟ್ಟಿಸಿಕೊಂಡು ಹೋದರೆ ಇಲ್ಲ. ಬಿಸಿ ಕಾಫಿಗೆ ಹೇಗೆ ಕೊಂಡರೂ ತೆರಿಗೆ ಇದ್ದೇ ಇದೆ. ಟಿಪ್ಸ್ ಕೊಡುವುದು ನಿಮ್ಮ ಇಷ್ಟ. 2024ರ ಅಕ್ಟೋಬರಿನಿಂದ ಟಿಪ್ಸ್ ಹಣವನ್ನು ಮಾಲೀಕರು ಇಟ್ಟುಕೊಳ್ಳುವಂತಿಲ್ಲ, ಕೆಲಸದವರಿಗೇ ಹೋಗಬೇಕು. ಅದಕ್ಕೇ ನಾನು ಸಂತೋಷದಿಂದ ಕೊಡುತ್ತೇನೆ.

ಅಕ್ಕಾ, ಕೂತು ಎರಡು ಪೌಂಡ್ ಹೆಚ್ಚು ಖರ್ಚು ಮಾಡಬೇಕು ಅಂತ ನಾನು ಹಟ ಹಿಡಿಯುವುದಕ್ಕೆ ಕಾರಣ ಇದೆ. ಸ್ಟ್ರ್ಯಾಂಡ್ ರಸ್ತೆಯಲ್ಲಿ ಇಂಡಿಯಾ ಕ್ಲಬ್ ಅಂತ ಇತ್ತು. 1951ರಲ್ಲಿ ಶುರುವಾಗಿದ್ದು. ಮೆಟ್ಟಿಲು ಹತ್ತಿ ಹೋದರೆ ಹಳೆಯ ಮೇಜು ಕುರ್ಚಿ, ದೋಸೆ, ನಮ್ಮವರ ಮಾತು. ಉಳಿಸಿಕೊಳ್ಳಲು ಜನ ವರ್ಷಗಟ್ಟಲೆ ಓಡಾಡಿದರು. 2023ರ ಸೆಪ್ಟೆಂಬರಿನಲ್ಲಿ ಮುಚ್ಚಿಯೇ ಹೋಯಿತು. ಸಣ್ಣ ಅಂಗಡಿಗಳು ನಡೆಯುವುದು ಒಳಗೆ ಬಂದು ಕೂರುವವರಿಂದ. ನೀವು ಬಂದಾಗ ನಾವೂ ಹಾಗೆ ಕೂರೋಣ, ಆತುರ ಇಲ್ಲದೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮಾತ್ರ ಬೇಡ, ಆಗ ಆಫೀಸಿನವರ ಸಾಲು ಬಾಗಿಲವರೆಗೂ ಇರುತ್ತದೆ. ಮೂರು ಗಂಟೆಯ ಮೇಲೆ ಹೋದರೆ ಅಮ್ಮನಿಗೆ ಒರಗುವ ಕುರ್ಚಿ ಸಿಗುತ್ತದೆ.

ಅಮ್ಮನ ಮಂಡಿ ನೋವು ಹೇಗಿದೆ? ಮೆಟ್ಟಿಲು ಇಳಿಯಲು ಕಷ್ಟವಾಗುತ್ತದಾ ಅಂತ ಸರಿಯಾಗಿ ಕೇಳಿ ಬರೆ, ಕೆಲವು ಕೆಫೆಗಳಲ್ಲಿ ಟಾಯ್ಲೆಟ್ ನೆಲಮಾಳಿಗೆಯಲ್ಲಿ ಇರುತ್ತದೆ. ಅದನ್ನು ನೋಡಿಕೊಂಡು ದಾರಿ ಗೊತ್ತು ಮಾಡುತ್ತೇನೆ. ಟಿಕೆಟ್ ಆದ ತಕ್ಷಣ ದಿನಾಂಕ ಕಳಿಸು, ನಾನು ರಜೆಗೆ ಮೊದಲೇ ಹೇಳಬೇಕು.

ನಿನ್ನ ಪ್ರೀತಿಯ
ತಂಗಿ