ಬಯೋಡೀಸೆಲ್ ಬೇಕು, ಆದರೆ ಕ್ಯಾನಿನ ಎಣ್ಣೆ ಬೇಡ

ಸಂಪಾದಕರಿಗೆ ನಮಸ್ಕಾರ,

ನಾನು ಮಲ್ಪೆಯಿಂದ ತೀರ್ಥಹಳ್ಳಿ, ಶಿವಮೊಗ್ಗ ಕಡೆಗೆ ಪಿಕಪ್‌ನಲ್ಲಿ ಮೀನು ಸಾಗಿಸುವವನು. ಡೀಸೆಲ್ ರೇಟು ನೋಡಿದರೆ ಬಾಡಿಗೆಯಲ್ಲಿ ಏನೂ ಉಳಿಯುವುದಿಲ್ಲ. ಹಾಗಿರುವಾಗ ಒಬ್ಬರು ಬಂಕಿಗಿಂತ ಕಡಿಮೆಗೆ ಕ್ಯಾನಿನಲ್ಲಿ ಬಯೋಡೀಸೆಲ್ ಕೊಡ್ತೇವೆ ಅಂದರು. ಬಿಲ್ಲೂ ಇಲ್ಲ, ಟೆಸ್ಟ್ ರಿಪೋರ್ಟೂ ಇಲ್ಲ. ಆದರೂ ಹಾಕಿದೆ.

ಮೂರನೇ ಟ್ರಿಪ್‌ನಲ್ಲಿ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುವಾಗ ಗಾಡಿ ಎಳೆಯಲೇ ಇಲ್ಲ, ಎರಡು ತಿರುವು ಕಳೆದು ಬಂದ್ ಬಿತ್ತು. ಹಿಂದೆ ಬಂಗುಡೆ, ಬೂತಾಯಿ. ಐಸ್ ಕರಗಿ ನೀರು ರಸ್ತೆಗೆ ಸುರಿಯುತ್ತಾ ಇದೆ. ಹೆಬ್ರಿಯಿಂದ ಮೆಕ್ಯಾನಿಕ್ ಬಂದು ಫಿಲ್ಟರ್ ಬಿಚ್ಚಿದರೆ ಒಳಗೆಲ್ಲ ಕಾಡಿಗೆಯ ಹಾಗೆ ಕಪ್ಪು ಲೋಳೆ. ರಬ್ಬರ್ ಪೈಪ್ ಊದಿಕೊಂಡು ಕೈಗೆ ಅಂಟುತ್ತಿತ್ತು.

ಇಷ್ಟಾದ ಮೇಲೆ ಬಯೋಡೀಸೆಲ್ಲೇ ಸರಿ ಇಲ್ಲ ಅಂತ ಬರೆಯುತ್ತೇನೆ ಅಂದುಕೊಳ್ಳಬೇಡಿ. ವಿಷಯ ಬೇರೆಯೇ ಉಂಟು.

ಅಡುಗೆ ಎಣ್ಣೆಯಂಥ ಎಣ್ಣೆಗೆ ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಸೇರಿಸಿದರೆ ಗ್ಲಿಸರಿನ್ ಕೆಳಗೆ ಕೂರುತ್ತದೆ, ಮೇಲೆ ನಿಲ್ಲುವುದು ಬಯೋಡೀಸೆಲ್. ಅದನ್ನು ಸರಿಯಾಗಿ ತೊಳೆದು ನೀರಿನಂಶ ತೆಗೆಯಬೇಕು, ಇಲ್ಲದಿದ್ದರೆ ಸೋಪು ಅದರಲ್ಲೇ ಉಳಿಯುತ್ತದೆ. ನಾನು ಮನೆಗೆ ಬಂದು ಕ್ಯಾನಿನಲ್ಲಿ ಉಳಿದದ್ದನ್ನು ಒಂದು ಬಾಟ್ಲಿಗೆ ಅರ್ಧ ಹಾಕಿ, ಅರ್ಧ ನೀರು ತುಂಬಿಸಿ ಚೆನ್ನಾಗಿ ಕುಲುಕಿಸಿ ಇಟ್ಟೆ. ಒಳ್ಳೆಯ ಬಯೋಡೀಸೆಲ್ ಆದರೆ ಅರ್ಧ ಗಂಟೆಯೊಳಗೆ ನೀರು ಕೆಳಗೆ, ಎಣ್ಣೆ ಮೇಲೆ ಬೇರೆಯಾಗಬೇಕು. ಇದು ಬೆಳಿಗ್ಗೆವರೆಗೂ ಗಂಜಿ ತಿಳಿಯ ಹಾಗೆ ಬೆಳ್ಳಗೇ ಇತ್ತು. ಇಂಥದ್ದನ್ನು ಬಯೋಡೀಸೆಲ್ ಅಂತ ಮಾರುತ್ತಾರೆ.

ಒಳ್ಳೆಯದಕ್ಕೂ ಸ್ವಲ್ಪ ಜಾಗ್ರತೆ ಬೇಕು, ಅದನ್ನೂ ಹೇಳಬೇಕು. ಅದು ಹಳೇ ಟ್ಯಾಂಕಿನ ಕೊಳೆಯನ್ನೆಲ್ಲ ಕರಗಿಸಿ ತರುತ್ತದೆ, ಹಾಗಾಗಿ ಶುರುವಿನಲ್ಲಿ ಫಿಲ್ಟರ್ ಬೇಗ ಬದಲಿಸಬೇಕು. ನೀರನ್ನೂ ಡೀಸೆಲ್‌ಗಿಂತ ಜಾಸ್ತಿ ಹೀರುತ್ತದೆ, ನಮ್ಮ ಕರಾವಳಿಯ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಹಾಗಿಲ್ಲ. ಬಿಎಸ್ 6 (ಹೊಸ ಹೊಗೆ ನಿಯಮದ) ಗಾಡಿಯವರು ಎಷ್ಟು ಪಾಲು ಹಾಕಬಹುದು ಅಂತ ಕಂಪನಿಯ ಪುಸ್ತಕ ನೋಡಿಯೇ ಹಾಕಬೇಕು.

ಲಾಭವೂ ಸಣ್ಣದಲ್ಲ. ಹೊಗೆ ಕಡಿಮೆ. ಗಂಧಕ ತೆಗೆದ ಈಗಿನ ಡೀಸೆಲ್‌ಗೆ ಸ್ವಲ್ಪ ಬಯೋಡೀಸೆಲ್ ಸೇರಿದರೆ ಪಂಪಿನ ಸವೆತವೂ ಕಡಿಮೆ. ಎಲ್ಲಕ್ಕಿಂತ ಮುಖ್ಯ, ಅದಕ್ಕೆ ಬೇಕಾದ ಕರಿದ ಎಣ್ಣೆ ನಮ್ಮಲ್ಲೇ ಇದೆ. ಉಡುಪಿ, ಮಣಿಪಾಲ, ಮಂಗಳೂರಿನ ಹೋಟೆಲುಗಳಲ್ಲಿ ಬೆಳಿಗ್ಗೆ ಬನ್ಸ್, ಸಂಜೆ ಗೋಳಿಬಜೆ, ರಾತ್ರಿ ಮೀನು ಫ್ರೈ ಆದ ಮೇಲೆ ಬಾಣಲೆಯಲ್ಲಿ ಉಳಿದದ್ದು ಎಲ್ಲಿಗೆ ಹೋಗುತ್ತದೆ? ಎಣ್ಣೆಯಲ್ಲಿ ಪೋಲಾರ್ ಅಂಶ (ಮತ್ತೆ ಮತ್ತೆ ಕಾಯಿಸಿದಾಗ ಹೆಚ್ಚುವ ಕೆಟ್ಟ ಅಂಶ) ಶೇ. 25 ದಾಟಿದರೆ ಅಡುಗೆಗೆ ಬಳಸಬಾರದು ಅಂತ 2018ರಿಂದಲೇ ನಿಯಮ ಇದೆ, ಅದೇ ವರ್ಷ ಬಳಸಿದ ಎಣ್ಣೆಯಿಂದ ಬಯೋಡೀಸೆಲ್ ಮಾಡುವ ಯೋಜನೆಯೂ ಬಂತು. 2030ರೊಳಗೆ ಡೀಸೆಲ್‌ಗೆ ಶೇ. 5 ಬಯೋಡೀಸೆಲ್ ಸೇರಿಸಬೇಕು ಅಂತ ಕೇಂದ್ರದ ಜೈವಿಕ ಇಂಧನ ನೀತಿಯಲ್ಲೂ ಇದೆ. ಹಾಗಿರುವಾಗ ನಾವು ಕ್ಯಾನ್ ಹಿಡಿದವರನ್ನು ಹುಡುಕಿಕೊಂಡು ಹೋಗಬೇಕಾ?

ಹೋಟೆಲಿನ ಎಣ್ಣೆ ಲೆಕ್ಕ ಇಟ್ಟು ಸಂಗ್ರಹವಾಗಲಿ. ಬಯೋಡೀಸೆಲ್‌ಗೆ ಇರುವ ಭಾರತೀಯ ಮಾನಕ ಐಎಸ್ 15607ರ ಪರೀಕ್ಷೆಯಲ್ಲಿ ಪಾಸಾದ ಬಯೋಡೀಸೆಲ್ ಮಾತ್ರ ಡೀಸೆಲ್‌ಗೆ ಬೆರೆತು ಬಂಕಿಗೆ ಬರಲಿ, ಎಷ್ಟು ಪಾಲು ಬೆರೆಸಿದ್ದಾರೆ ಅಂತ ಪಂಪಿನ ಮೇಲೆ ಕನ್ನಡದಲ್ಲಿ ಬರೆದಿರಲಿ. ಹಾಗೆ ಸಿಕ್ಕಿದರೆ ಮೊದಲು ಹಾಕಿಸುವವನು ನಾನೇ.

ಅದಕ್ಕೂ ಮೊದಲು ಜಿಲ್ಲಾಡಳಿತದವರು ಈ ಕ್ಯಾನಿನ ಎಣ್ಣೆಯ ಸ್ಯಾಂಪಲ್ ತೆಗೆದು ಪರೀಕ್ಷೆ ಮಾಡಿಸಲಿ. ನನ್ನ ಶೆಡ್ಡಿನಲ್ಲಿ ಅರ್ಧ ಕ್ಯಾನ್ ಇನ್ನೂ ಹಾಗೇ ಇಟ್ಟಿದ್ದೇನೆ, ಕೇಳಿದರೆ ಕೊಡುತ್ತೇನೆ.

– ಒಬ್ಬ ಪಿಕಪ್ ಮಾಲೀಕ, ಮಲ್ಪೆ