ಕುಂಡದಲ್ಲಿ ವರ್ಷವಿಡೀ ಎಳೆ ಈರುಳ್ಳಿ: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಸೊಪ್ಪಿನ ಈರುಳ್ಳಿ ವರ್ಷವಿಡೀ ಸಿಗಬೇಕೆಂದರೆ ಒಂದೇ ದೊಡ್ಡ ಕುಂಡ ತುಂಬಬೇಡಿ. ನಾಲ್ಕು ಕುಂಡ ಇಟ್ಟುಕೊಂಡು ಮೂರು ವಾರಕ್ಕೊಂದರಂತೆ ಬಿತ್ತಿ. ನಾಲ್ಕನೆಯದನ್ನು ಬಿತ್ತುವ ಹೊತ್ತಿಗೆ ಮೊದಲನೆಯದು ಕೀಳಲು ಬರುತ್ತದೆ (8ರಿಂದ 10 ವಾರ, ಚಳಿಯಲ್ಲಿ ಇನ್ನೂ ತಡ).

15ರಿಂದ 20 ಸೆಂ.ಮೀ. ಆಳ ಸಾಕು, ತಳದಲ್ಲಿ ತೂತು ಇರಲೇಬೇಕು. ಎರಡು ಪಾಲು ಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ). ಬೀಜ 1 ಸೆಂ.ಮೀ. ಆಳಕ್ಕೆ, ಎರಡು ಸೆಂ.ಮೀ. ಅಂತರದಲ್ಲಿ. ದಿನಕ್ಕೆ 5-6 ಗಂಟೆ ಬಿಸಿಲು ಬೇಕು.

ಮೊಳಕೆ ಬರಲಿಲ್ಲವೆಂದು ಮಣ್ಣನ್ನು ದೂರುವ ಮೊದಲು ಪೊಟ್ಟಣದ ದಿನಾಂಕ ನೋಡಿ. ಈರುಳ್ಳಿ ಬೀಜದ ಆಯುಷ್ಯ ಬಹಳ ಕಡಿಮೆ, ಎರಡನೇ ವರ್ಷಕ್ಕೇ ಮೊಳೆಯುವುದು ಕುಗ್ಗುತ್ತದೆ. ಹಳೆಯದಾದರೆ ಒತ್ತಾಗಿ ಬಿತ್ತಿ.

ಸಸಿ ಬುಡದಲ್ಲೇ ಕೊಳೆತು ಬಿದ್ದರೆ ನೀರು ಹೆಚ್ಚಾಗಿದೆ. ಮೇಲ್ಮಣ್ಣು ಒಣಗಿದ ಮೇಲೆಯೇ ಹಾಕಿ. ಎಲೆಯ ಮೇಲೆ ಬೆಳ್ಳಿಬಣ್ಣದ ಗೀರುಗಳಿದ್ದರೆ ಅದು ಥ್ರಿಪ್ಸ್ ಎಂಬ ಸಣ್ಣ ಕೀಟದ ಕಾಟ. ಎಲೆಯ ಸಂದುಗಳಿಗೆ ಇಳಿಯುವಂತೆ ಸಂಜೆ ಬೇವಿನೆಣ್ಣೆ ದ್ರಾವಣ ಸಿಂಪಡಿಸಿ.

ಬುಡದಿಂದ 3 ಸೆಂ.ಮೀ. ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಎರಡು ಕೊಯ್ಲಿನ ನಂತರ ಎಲೆ ಸಣಕಲಾಗುವುದರಿಂದ ಕಿತ್ತು ಹೊಸದಾಗಿ ಬಿತ್ತುವುದೇ ಒಳ್ಳೆಯದು. ಅದೇ ಮಣ್ಣಿಗೆ ಮತ್ತೆ ಈರುಳ್ಳಿ ಬೇಡ, ರೋಗ ಉಳಿದುಕೊಳ್ಳುತ್ತದೆ.