ಮ್ಯಾಚ್ ಆಯ್ತು, ಅಕ್ಕನಿಗೆ ಥ್ಯಾಂಕ್ಸ್ ಸ್ವಲ್ಪ ಜಾಸ್ತಿ

ಮ್ಯಾಚ್ ಆಯ್ತು. ಅಂದರೆ, ನಾವು ಕೊಟ್ಟ ಪಟ್ಟಿ, ಆಸ್ಪತ್ರೆಗಳು ಕೊಟ್ಟ ಪಟ್ಟಿ ಎರಡನ್ನೂ ಕಂಪ್ಯೂಟರಿನಲ್ಲಿ ಹೊಂದಿಸಿ ಡಾಕ್ಟರುಗಳಿಗೆ ತರಬೇತಿ ಸೀಟು ಹಂಚುವ ಅಮೆರಿಕದ ಪದ್ಧತಿಯಲ್ಲಿ ನನಗೂ ಸೀಟು ಸಿಕ್ಕಿತು. ಶುಕ್ರವಾರದಿಂದ ಫೋನು, ಮೆಸೇಜು ನಿಂತಿಲ್ಲ. ಒಬ್ಬೊಬ್ಬರಿಗೂ ಉತ್ತರ ಬರೆಯಲು ಆಗಲಿಲ್ಲ, ಅದಕ್ಕೇ ಈ ಬರಹ. ಜುಲೈಯಿಂದ ಅಮೆರಿಕದಲ್ಲಿ ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಶನ್ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ದುಡಿಯುತ್ತಲೇ ತಜ್ಞ ಡಾಕ್ಟರಾಗುವ ತರಬೇತಿ, ಶುರು. ಹೋದ ವರ್ಷ ಮಾರ್ಚ್‌ನ ಆ ಸೋಮವಾರ ಸೀಟು ಸಿಕ್ಕಿಲ್ಲ ಅನ್ನೋ ಮೇಲ್ ಬಂದದ್ದು, ಆಮೇಲೆ ಹೇಗಿದ್ದೆ ಅನ್ನೋದು ನಿಮಗೆಲ್ಲ ಗೊತ್ತೇ ಇದೆ. ಮತ್ತೆ ಕೆದಕುವುದಿಲ್ಲ.

ಅಪ್ಪ, ಅಮ್ಮ, ಅರ್ಜಿ ಓದಿ ತಿದ್ದಿದ ಗೆಳೆಯರು, ಶಿಫಾರಸು ಪತ್ರ ಬರೆದುಕೊಟ್ಟ ಮೇಷ್ಟ್ರುಗಳು, ಇಂಟರ್‌ವ್ಯೂ ಇದ್ದಾಗಲೆಲ್ಲ ರೂಮು ಬಿಟ್ಟುಕೊಟ್ಟು ಹೊರಗೆ ಅಲೆದ ರೂಮ್‌ಮೇಟ್, ಎಲ್ಲರಿಗೂ ಒಟ್ಟಿಗೇ ಥ್ಯಾಂಕ್ಸ್. ಪ್ರತಿ ಸಲ ಫೋನಿನಲ್ಲಿ "ಅದು ಫಿಸಿಯೋಥೆರಪಿನೇ ಅಲ್ವಾ?" ಅಂತ ಕೇಳಿದ ಚಿಕ್ಕಪ್ಪನಿಗೂ. ಅಲ್ಲ ಚಿಕ್ಕಪ್ಪ. ಲಕ್ವ ಹೊಡೆದವರು, ಬೆನ್ನುಹುರಿಗೆ ಪೆಟ್ಟಾದವರು, ಕಾಲು ಕಳೆದುಕೊಂಡವರು ಮತ್ತೆ ತಮ್ಮ ಕೆಲಸ ತಾವು ಮಾಡಿಕೊಳ್ಳುವ ಹಾಗೆ ನೋಡಿಕೊಳ್ಳುವ ಡಾಕ್ಟರು ನಾವು. ಫಿಸಿಯೋಥೆರಪಿಯವರು ನಮ್ಮ ಜೊತೆಗೇ ಕೆಲಸ ಮಾಡುತ್ತಾರೆ. ಅವರಿಲ್ಲದೆ ನಮ್ಮದೇನೂ ನಡೆಯುವುದಿಲ್ಲ, ಅದೂ ನಿಜ.

ಇನ್ನು ಉಳಿದದ್ದೆಲ್ಲ ಅಕ್ಕನಿಗೆ. ಹೆಸರು ಹಾಕಬೇಡ ಅಂದಿದ್ದಾರೆ. ಬಂಧುವಲ್ಲ, ಒಂದೇ ಕಾಲೇಜಿನವರೂ ಅಲ್ಲ. ಇದೇ ವಿಭಾಗದಲ್ಲಿ ಕೊನೆಯ ವರ್ಷದ ರೆಸಿಡೆಂಟ್. ನನ್ನ ಬಗ್ಗೆ ತಲೆ ಕೆಡಿಸಿಕೊಳ್ಳಲು ಅವರಿಗೆ ಯಾವ ಕಾರಣವೂ ಇರಲಿಲ್ಲ.

ಇಂಟರ್‌ವ್ಯೂಗಳು ಮುಗಿದ ಮೇಲೆ ಯಾವ ಕಡೆ ಮೊದಲು, ಯಾವುದು ಆಮೇಲೆ ಅಂತ ನಾನು ಮಾಡಿದ ಮೊದಲ ಪಟ್ಟಿ ನೋಡಿ ಅಕ್ಕ ನಕ್ಕುಬಿಟ್ಟರು. ಹೆಸರು ದೊಡ್ಡದಿದ್ದ ಕಡೆ ಎಲ್ಲ ಮೇಲೆ, ಉಳಿದದ್ದು ಕೆಳಗೆ. "ಇಂಜೆಕ್ಷನ್ ಕ್ಲಿನಿಕ್ಕಲ್ಲಿ ಸೂಜಿ ಹಿಡಿಯೋದು ರೆಸಿಡೆಂಟಾ, ಫೆಲೋನಾ?" ಫೆಲೋ ಅಂದರೆ ರೆಸಿಡೆನ್ಸಿ ಮುಗಿಸಿ ಮುಂದಿನ ತರಬೇತಿಯಲ್ಲಿರುವ ಡಾಕ್ಟರು. ಗೊತ್ತಿರಲಿಲ್ಲ. "ಬೆನ್ನುಹುರಿ ವಾರ್ಡು ಅದೇ ಆಸ್ಪತ್ರೆಯಲ್ಲಿದೆಯಾ, ಬೇರೆ ಊರಿಗೆ ಹೋಗ್ಬೇಕಾ?" ಅದೂ ಗೊತ್ತಿರಲಿಲ್ಲ. ಕೋರ್ಸ್ ಮುಗಿಸುವ ಹೊತ್ತಿಗೆ ಸುಮಾರು 200 ಇಎಂಜಿ (ನರ, ಸ್ನಾಯುಗಳ ವಿದ್ಯುತ್ ಪರೀಕ್ಷೆ) ಆಗಿರಬೇಕು ಅನ್ನೋ ನಿಯಮ ಎಲ್ಲ ಕಡೆಗೂ ಒಂದೇ. ಆದರೆ ಸೂಜಿ ಚುಚ್ಚಿದ ಮೇಲೆ ಪರದೆಯ ಮೇಲೆ ಬರುವ ಅಲೆಯನ್ನು ಪಕ್ಕದಲ್ಲಿ ಕೂತು ಓದಿಸುವವರು ಇದ್ದಾರಾ ಅನ್ನೋದು ಕಡೆಯಿಂದ ಕಡೆಗೆ ಬೇರೆ. ಮೊದಲ ವರ್ಷದ್ದೂ ಒಂದು ತಾಪತ್ರಯ. ನಾಲ್ಕು ವರ್ಷದಲ್ಲಿ ಮೊದಲನೆಯದು ಇಂಟರ್ನ್ ವರ್ಷ, ಮೆಡಿಸಿನ್, ಸರ್ಜರಿ ಇಂಥ ಕಡೆ ದುಡಿಯೋದು. ಕೆಟಗಾರಿಕಲ್ ಆದರೆ ಅದೂ ಸೇರಿಯೇ ಸಿಗುತ್ತದೆ. ಅಡ್ವಾನ್ಸ್ಡ್ ಆದರೆ ಆ ವರ್ಷಕ್ಕೆ ಬೇರೆ ಅರ್ಜಿ, ಬಹಳಷ್ಟು ಸಲ ಬೇರೆ ಊರು, ವರ್ಷ ಮುಗಿಯುತ್ತಲೇ ಮತ್ತೆ ಗಂಟುಮೂಟೆ.

"ಡೈರೆಕ್ಟರ್ ಕಾಲ್ ಬಿಟ್ಟು ಹೋದ್ಮೇಲೆ ರೆಸಿಡೆಂಟ್‌ಗಳ ಮುಖ ಹೇಗಿತ್ತು?" ಅಂತಲೂ ಕೇಳಿದರು. ಈ ಒಂದು ಪ್ರಶ್ನೆಯಿಂದಲೇ ಪಟ್ಟಿಯ ಅರ್ಧ ಕೆಳಗೆ ಮೇಲಾಯಿತು.

ಪಟ್ಟಿ ಕಳಿಸುವ ಗಡುವಿನ ಹಿಂದಿನ ರಾತ್ರಿ ನನಗೆ ಕೈಕಾಲು ಆಡಲಿಲ್ಲ. ಮನಸ್ಸಿಗೆ ಹಿಡಿಸಿದ ಕಡೆ ಮೇಲಿತ್ತು. ಆದರೆ "ನೀವು ಬಂದರೆ ಖುಷಿ" ಅಂತ ಮೇಲ್ ಕಳಿಸಿದ ಇನ್ನೊಂದು ಕಡೆಯನ್ನೇ ಮೇಲೆ ಹಾಕಿಬಿಡೋಣ, ಸೀಟಾದರೂ ಸಿಗಲಿ ಅನ್ನಿಸುತ್ತಿತ್ತು. ಅಕ್ಕ ನೈಟ್ ಡ್ಯೂಟಿಯಲ್ಲಿದ್ದರು. ಫೋನ್ ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟುಕೊಂಡರು. ನಾನು ಅತ್ತೆ. ಇನ್ನೊಂದು ಸಲ ಆ ಮೇಲ್ ಬಂದರೆ ನಾನು ಡಾಕ್ಟರ್ ಕೆಲಸವನ್ನೇ ಬಿಟ್ಟುಬಿಡ್ತೀನಿ, ಮನೆಯವರಿಗೆ ಮುಖ ತೋರಿಸಲಾರೆ ಅಂದೆ. ಅಳಬೇಡ ಅನ್ನಲಿಲ್ಲ ಅವರು. ಆ ಕಡೆ ಕೀಬೋರ್ಡಿನ ಸದ್ದು ಕೇಳುತ್ತಿತ್ತು, ನೋಟ್ಸ್ ಬರೆಯುತ್ತಿದ್ದರು.

ಆಮೇಲೆ ನಿಧಾನಕ್ಕೆ ಹೇಳಿದರು. "ಕಂಪ್ಯೂಟರ್ ಶುರು ಮಾಡೋದು ನಿನ್ನ ಪಟ್ಟಿಯಿಂದ. ಮೊದಲನೇದ್ರಲ್ಲಿ ಜಾಗ ಸಿಗ್ಲಿಲ್ಲ ಅಂದ್ರೆ ಎರಡನೇದಕ್ಕೆ ಹೋಗುತ್ತೆ. ಮೇಲೆ ಕಷ್ಟದ್ದು ಹಾಕಿದ್ದಕ್ಕೆ ಕೆಳಗಿನದು ಕೈತಪ್ಪೋದಿಲ್ಲ. ಈ ಲೆಕ್ಕ ತಿದ್ದಿ ಕೂರಿಸಿದವರಲ್ಲಿ ಒಬ್ಬರು ಆಲ್ವಿನ್ ರಾತ್. 2012ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ನಿನ್ನ ಹೆದರಿಕೆಗೆ ಯಾವ ನೊಬೆಲ್ ಬಂದಿದೆ?"

ಅಳುತ್ತಲೇ ನಕ್ಕೆ. ಅಷ್ಟರಲ್ಲಿ ಅವರಿಗೆ ವಾರ್ಡಿನಿಂದ ಕರೆ ಬಂತು. "ಇಡಬೇಡ, ಬರ್ತೀನಿ" ಅಂತ ಓಡಿದರು. ಖಾಲಿ ಕೋಣೆಯ ಸದ್ದು ಕೇಳುತ್ತಾ ಕೂತಿದ್ದೆ. ಬಂದ ಮೇಲೆ ರೋಗಿ ಯಾರು, ಎತ್ತ ಅಂತ ಏನೂ ಹೇಳದೆ ನಡೆದದ್ದಷ್ಟೇ ಹೇಳಿದರು. ತಲೆ ಸಿಡಿತ, ಮುಖ ಕತ್ತೆಲ್ಲ ಬೆವರು, ಬಿಪಿ ಏರುತ್ತಲೇ ಇತ್ತಂತೆ. ಎತ್ತಿ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಕ್ಯಾತಿಟರ್ ನೋಡಿದರೆ ಪೈಪು ತೊಡೆಯ ಕೆಳಗೆ ಸಿಕ್ಕಿ ಮಡಚಿಕೊಂಡಿತ್ತು. ಬಿಡಿಸಿದರು, ಮೂತ್ರ ಹರಿಯಿತು, ಬಿಪಿ ಇಳಿಯಿತು. ಟಿ6 ಮಟ್ಟದಲ್ಲಿ, ಅಂದರೆ ಬೆನ್ನುಹುರಿಯ ಎದೆಭಾಗದ ಆರನೇ ಮಟ್ಟದಲ್ಲಿ, ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿಗೆ ಪೆಟ್ಟಾದವರಿಗೆ ಹೀಗಾಗುತ್ತದೆ. ಮೂತ್ರಕೋಶ ತುಂಬಿದ್ದು ಅವರಿಗೆ ತಿಳಿಯದೇ ಇರಬಹುದು, ಮೈ ಮಾತ್ರ ಬಿಪಿ ಏರಿಸಿ ಕೂಗಿಕೊಳ್ಳುತ್ತದೆ. ತಡವಾದರೆ ಮೆದುಳಿನಲ್ಲಿ ರಕ್ತಸ್ರಾವವೂ ಆಗಬಹುದು.

"ಮೊದಲನೇ ಸಲ ಇದು ಬಂದಾಗ ನನ್ನ ಸೀನಿಯರ್ ಬಂದು ಪಕ್ಕದಲ್ಲಿ ನಿಂತಿದ್ರು, ಕೈ ಹಾಕಲಿಲ್ಲ, ಮಾಡಿಸಿದ್ರು" ಅಂದರು ಅಕ್ಕ. ಅಷ್ಟೇ. ಯಾವುದನ್ನು ಮೇಲೆ ಹಾಕು ಅಂತ ಕೊನೆಗೂ ಹೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ ಬಿಡಿ. ಅವರು ಮಾಡಿದ್ದರಲ್ಲಿ ದೊಡ್ಡ ಉಪಕಾರ ಅದೇ ಅಂತ ಈಗ ಅನ್ನಿಸುತ್ತದೆ. ಪಟ್ಟಿ ನನ್ನದೇ ಆಯಿತು.

ಬೆಳಗ್ಗೆ ಅವರ ಡ್ಯೂಟಿ ಮುಗಿಯುವವರೆಗೂ ಕಾಲ್ ಕಟ್ ಆಗಲಿಲ್ಲ. ನಡುವೆ ಇಬ್ಬರೂ ಮಾತಾಡದೆ ಇದ್ದ ಹೊತ್ತೇ ಜಾಸ್ತಿ. ಮನಸ್ಸಿಗೆ ಹಿಡಿಸಿದ್ದನ್ನು ಮೊದಲಿಗಿಟ್ಟು ಪಟ್ಟಿ ಸರ್ಟಿಫೈ ಮಾಡಿದೆ. ಅಲ್ಲೇ ಸಿಕ್ಕಿದೆ. ಅಲ್ಲಿ ಸಿಗದೆ ಮೂರನೆಯದು ಸಿಕ್ಕಿದ್ದರೂ ಈ ಬರಹದಲ್ಲಿ ಅಕ್ಕನ ಪಾಲು ಇಷ್ಟೇ ಇರುತ್ತಿತ್ತು.

ಮುಂದಿನ ವರ್ಷ ರಿಹ್ಯಾಬ್‌ಗೆ ಪಟ್ಟಿ ಮಾಡುವವರು ಇಲ್ಲಿದ್ದರೆ ನನಗೆ ಬರೆಯಿರಿ. ಅಕ್ಕನಿಗೆ ಈಗ ಬೋರ್ಡ್ ಪರೀಕ್ಷೆಯ ಓದು, ಆಮೇಲೆ ಬೆನ್ನುಹುರಿ ಫೆಲೋಶಿಪ್, ಅವರನ್ನು ಕಾಡಬೇಡಿ. ನನಗೆ ರಾತ್ರಿ ಎಷ್ಟು ಹೊತ್ತಿಗಾದರೂ ಫೋನ್ ಮಾಡಿ. ಜುಲೈ ಆದ ಮೇಲೆ ಹೇಗೂ ಎಚ್ಚರವಾಗೇ ಇರುತ್ತೀನಿ.